ಗುರಿ ಸ್ಟ್ರಿಂಗೋ, ಫೀಲ್ಡೋ? ಸಿ ಕೋಡ್‌ನಲ್ಲಿ ಸ್ಟ್ರಿಂಗ್ ನಕಲಿನ ಎಚ್ಚರಿಕೆಗಳನ್ನು ಬಗೆಹರಿಸುವ ಕ್ರಮ

ಕಂಪೈಲರ್‌ನ ಹೊಸ ಆವೃತ್ತಿ ಹಾಕಿಕೊಂಡ ದಿನ, ವರ್ಷಗಟ್ಟಲೆ ಸದ್ದಿಲ್ಲದೆ ಕಂಪೈಲ್ ಆಗುತ್ತಿದ್ದ ಸಿ ಕೋಡ್ ಒಮ್ಮೆಲೇ ದೂರು ಹೇಳತೊಡಗುತ್ತದೆ. ಒಂದಲ್ಲ, ನಲವತ್ತು ಐವತ್ತು ಸಾಲು ಎಚ್ಚರಿಕೆಗಳು. ಅವುಗಳಲ್ಲಿ ಹೆಚ್ಚಿನವು ಸ್ಟ್ರ್‌ಎನ್‌ಕಾಪಿ ಎಂಬ, ಕೊಟ್ಟ ಮಿತಿಯೊಳಗೆ ಸ್ಟ್ರಿಂಗ್ ನಕಲಿಸುವ ಒಂದೇ ಫಂಕ್ಷನ್‌ನ ಸುತ್ತ ಇರುತ್ತವೆ. ಡ್ರೈವರ್, ಫರ್ಮ್‌ವೇರ್, ಕಡತ ವ್ಯವಸ್ಥೆಯ ಉಪಕರಣಗಳಂಥ ತಳಮಟ್ಟದ ಕೋಡ್ ನೋಡಿಕೊಳ್ಳುವವರಿಗೆ ಇದು ಪರಿಚಿತ ದೃಶ್ಯ. ಜಿಸಿಸಿ ಎಂಬ ಸಿ ಕಂಪೈಲರ್ ತನ್ನ 7ನೆಯ ಆವೃತ್ತಿಯಲ್ಲಿ, ಅಂದರೆ 2017ರಲ್ಲಿ, ಬಫರ್ ಮೀರಿ ಬರೆಯುವುದನ್ನು ಪತ್ತೆ ಮಾಡುವ ಸ್ಟ್ರಿಂಗ್‌ಆಪ್-ಓವರ್‌ಫ್ಲೋ ಎಚ್ಚರಿಕೆಯನ್ನು ತಂದಿತು. ಮರುವರ್ಷ 8ನೆಯ ಆವೃತ್ತಿಯಲ್ಲಿ, ನಕಲು ತುಂಡಾಗುವುದನ್ನು ಹೇಳುವ ಸ್ಟ್ರಿಂಗ್‌ಆಪ್-ಟ್ರಂಕೇಶನ್ ಸೇರಿತು. ಈ ಲೇಖನ ಮುಖ್ಯವಾಗಿ ಎರಡನೆಯದರ ಬಗ್ಗೆ. ಫಂಕ್ಷನ್‌ಗಳ ಹೆಸರುಗಳನ್ನು ಉಚ್ಚರಿಸುವಂತೆಯೇ ಬರೆದಿದ್ದೇನೆ. ಕೋಡ್ ತುಣುಕುಗಳೂ ಹಾಗೆಯೇ ಇವೆ.

ಮೊದಲೇ ಒಂದು ಮಾತು. ಈ ಎಚ್ಚರಿಕೆಯನ್ನು ಬಾಯಿ ಮುಚ್ಚಿಸುವುದು ಬಹಳ ಸುಲಭ, ಹಾಗೆ ಮುಚ್ಚಿಸುವ ದಾರಿಗಳಲ್ಲಿ ಅರ್ಧದಷ್ಟು ಕೋಡನ್ನು ಮೊದಲಿಗಿಂತ ಕೆಡಿಸುತ್ತವೆ. ಕಂಪೈಲರ್ ಇಲ್ಲಿ ತಪ್ಪು ಹಿಡಿದಿದ್ದೇನೆ ಎಂದು ಹೇಳುತ್ತಿಲ್ಲ. ಅದು ಒಂದು ಪ್ರಶ್ನೆ ಕೇಳುತ್ತಿದೆ: ನೀವು ನಕಲು ಇಡುತ್ತಿರುವ ಜಾಗ, ಅಂದರೆ ಗುರಿ, ನಿಜವಾಗಿ ಸ್ಟ್ರಿಂಗೋ (ಕೊನೆಯಲ್ಲಿ ಮುಕ್ತಾಯದ ಸೊನ್ನೆ ಬೈಟ್ ಇರಲೇಬೇಕಾದದ್ದು), ಅಥವಾ ನಿಗದಿತ ಅಗಲದ ಫೀಲ್ಡೋ? ಉತ್ತರ ನಮಗೆ ಗೊತ್ತಿರಬೇಕು. ಕಂಪೈಲರ್‌ಗೆ ಅದು ಗೊತ್ತಾಗುವ ದಾರಿಯೇ ಇಲ್ಲ.

ಈ ಫಂಕ್ಷನ್ ಯಾಕೆ ಹೀಗಿದೆ

ಸ್ಟ್ರ್‌ಎನ್‌ಕಾಪಿಯನ್ನು "ಸುರಕ್ಷಿತ ಸ್ಟ್ರ್‌ಕಾಪಿ", ಅಂದರೆ ಮಿತಿಯಿಲ್ಲದೆ ನಕಲಿಸುವ ಫಂಕ್ಷನ್‌ನ ಸುರಕ್ಷಿತ ರೂಪ, ಎಂದು ಕಲಿತವರೇ ಹೆಚ್ಚು. ನಾನೂ ಹಾಗೆಯೇ ಕಲಿತೆ. ಆ ತಿಳಿವಳಿಕೆಯೇ ಎಲ್ಲ ತೊಡಕಿನ ಬೇರು.

1979ರ ಯುನಿಕ್ಸ್ ಏಳನೆಯ ಆವೃತ್ತಿಯಲ್ಲಿ ಡೈರೆಕ್ಟರಿಯ ಒಂದೊಂದು ನಮೂದೂ 16 ಬೈಟ್. ಅದರಲ್ಲಿ 2 ಬೈಟ್ ಐನೋಡ್ ಸಂಖ್ಯೆಗೆ (ಕಡತದ ಒಳಗುರುತು), ಉಳಿದ 14 ಬೈಟ್ ಕಡತದ ಹೆಸರಿಗೆ. ಹೆಸರು ಚಿಕ್ಕದಾಗಿದ್ದರೆ ಉಳಿದ ಜಾಗವನ್ನೆಲ್ಲ ಸೊನ್ನೆಯಿಂದ ತುಂಬಬೇಕು. ಹೆಸರು ಸರಿಯಾಗಿ 14 ಅಕ್ಷರವಿದ್ದರೆ ಕೊನೆಯ ಸೊನ್ನೆಗೆ ಜಾಗವೇ ಇಲ್ಲ, ಅದು ಬೇಕಾಗಿಯೂ ಇಲ್ಲ, ಏಕೆಂದರೆ ಅಗಲ ಎಷ್ಟೆಂದು ಓದುವವರಿಗೆ ಮೊದಲೇ ಗೊತ್ತು. ಸ್ಟ್ರ್‌ಎನ್‌ಕಾಪಿ ಮಾಡುವುದು ಅಕ್ಷರಶಃ ಇದನ್ನೇ. ಮೂಲ, ಅಂದರೆ ನಕಲಾಗುವ ಸ್ಟ್ರಿಂಗ್, ಚಿಕ್ಕದಿದ್ದರೆ ಮಿಕ್ಕ ಅಷ್ಟೂ ಬೈಟ್‌ಗಳಿಗೆ ಸೊನ್ನೆ ಬರೆಯುತ್ತದೆ. ಮೂಲ ಆ ಅಗಲಕ್ಕೆ ಸಮನಾಗಿದ್ದರೆ ಅಥವಾ ಅದನ್ನು ಮೀರಿದರೆ ಮುಕ್ತಾಯದ ಸೊನ್ನೆಯನ್ನು ಹಾಕುವುದೇ ಇಲ್ಲ. ಎರಡೂ ನಡತೆಗಳು ಸ್ಟ್ರಿಂಗ್‌ಗೆ ಒಗ್ಗುವುದಿಲ್ಲ, ಎರಡೂ ಅಂಥ ಫೀಲ್ಡ್‌ಗೆ ಹೇಳಿ ಮಾಡಿಸಿದಂತಿವೆ. ಅಂದರೆ ಈ ಫಂಕ್ಷನ್‌ನ ಹುಟ್ಟಿನಲ್ಲಿ ದೋಷವಿಲ್ಲ, ನಾವು ಅದಕ್ಕೆ ಒಪ್ಪಿಸಿದ ಕೆಲಸದಲ್ಲಿ ದೋಷವಿದೆ.

ಅಂಥ ಫೀಲ್ಡ್‌ಗಳು ಇಂದಿಗೂ ಬೇಕಾದಷ್ಟಿವೆ. ಟಾರ್ ಕಡತದ ಶಿರೋಭಾಗದಲ್ಲಿ ಹೆಸರಿಗೆ 100 ಬೈಟ್, ಹೆಸರು ಪೂರ್ತಿ 100 ಇದ್ದರೆ ಕೊನೆಯ ಸೊನ್ನೆ ಇರುವುದಿಲ್ಲ. ಎಕ್ಸ್ಟ್4 ಕಡತ ವ್ಯವಸ್ಥೆಯ ಸೂಪರ್‌ಬ್ಲಾಕ್‌ನಲ್ಲಿ ವಾಲ್ಯೂಮ್ ಹೆಸರಿಗೆ 16 ಬೈಟ್. ಸ್ಕಸಿ ಸಾಧನ ತನ್ನ ಗುರುತು ಹೇಳುವಾಗ ತಯಾರಕರ ಹೆಸರಿಗೆ 8, ಉತ್ಪನ್ನದ ಹೆಸರಿಗೆ 16, ಪರಿಷ್ಕರಣೆಗೆ 4 ಬೈಟ್ ಕೊಡುತ್ತದೆ. ಅಲ್ಲಿ ತುಂಬುವುದು ಸೊನ್ನೆಯಿಂದಲೂ ಅಲ್ಲ, ಖಾಲಿ ಜಾಗದ ಅಕ್ಷರದಿಂದ. ಇದಕ್ಕೆ ವ್ಯತಿರಿಕ್ತವಾಗಿ ಲಿನಕ್ಸ್‌ನ ನೆಟ್‌ವರ್ಕ್ ಇಂಟರ್‌ಫೇಸ್ ಹೆಸರಿಗೂ 16 ಬೈಟೇ ಇದ್ದರೂ ಮುಕ್ತಾಯದ ಸೊನ್ನೆ ಆ 16ರೊಳಗೇ ಸೇರಿದೆ. ಅದು ಸ್ಟ್ರಿಂಗ್, ಹೆಸರು 15 ಅಕ್ಷರ ಮೀರುವಂತಿಲ್ಲ. ಘೋಷಣೆಯ ಸಾಲಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಕಂಪೈಲರ್‌ನ ಗೊಂದಲ ಇಲ್ಲಿಂದಲೇ ಹುಟ್ಟುವುದು.

ಮೊದಲ ಹೆಜ್ಜೆ: ಎಚ್ಚರಿಕೆಯನ್ನು ಪೂರ್ತಿ ಓದಿ

ಚೌಕಾವರಣದಲ್ಲಿರುವ ಎಚ್ಚರಿಕೆಯ ಹೆಸರನ್ನಷ್ಟೇ ನೋಡಿ ಸಾಲಿಗೆ ಹಾರಬೇಡಿ. ಒಂದೇ ಹೆಸರಿನಡಿ ಬರುವ ಸಂದೇಶಗಳ ಮಾತು ಬೇರೆ ಬೇರೆ.

ಅತಿ ಸಾಮಾನ್ಯವಾದದ್ದು, ಕೊಟ್ಟ ಮಿತಿ ಗುರಿಯ ಗಾತ್ರಕ್ಕೆ ಸಮನಾಗಿದೆ ಎನ್ನುವುದು. ಅದು ಹುಟ್ಟುವುದು ಇಂಥ ಕೋಡ್‌ನಿಂದ:

ಕ್ಯಾರ್ ಹೆಸರು[16];
ಸ್ಟ್ರ್‌ಎನ್‌ಕಾಪಿ(ಹೆಸರು, ಮೂಲ, ಸೈಜ್‌ಆಫ್(ಹೆಸರು));

ಮೂಲ 16 ಅಕ್ಷರವಿದ್ದ ದಿನ ಹೆಸರಿಗೆ ಮುಕ್ತಾಯವಿರುವುದಿಲ್ಲ ಎಂದು ಇದರ ಅರ್ಥ. ಎರಡನೆಯದು, ಇಷ್ಟು ಉದ್ದದ ಸ್ಟ್ರಿಂಗ್‌ನಿಂದ ಇಷ್ಟೇ ಬೈಟ್ ನಕಲಿಸಿದರೆ ತುಂಡಾಗಬಹುದು ಎನ್ನುತ್ತದೆ. ಮೂಲದ ಗಾತ್ರವೂ ಕಂಪೈಲರ್‌ಗೆ ಕಂಡಾಗ ಇದು ಬರುತ್ತದೆ. 32 ಬೈಟ್‌ನ ಅರೇಯಿಂದ 15 ಬೈಟ್ ತೆಗೆದುಕೊಂಡಿರಿ ಎಂದುಕೊಳ್ಳಿ, ಆಗ ಇದು. ಮೂರನೆಯದು, ಮಿತಿ ಮೂಲದ ಉದ್ದವನ್ನೇ ಅವಲಂಬಿಸಿದೆ ಎನ್ನುವುದು. ಇದನ್ನು ಕಂಡರೆ ಬೇರೆಲ್ಲ ಬಿಟ್ಟು ಮೊದಲು ಅಲ್ಲಿಗೆ ಹೋಗಿ. ಯಾರೋ ಮಿತಿಯ ಜಾಗದಲ್ಲಿ ಸ್ಟ್ರ್‌ಲೆನ್(ಮೂಲ) ಎಂದು ಬರೆದಿದ್ದಾರೆ. ಪಾತ್ರೆ ಎಷ್ಟು ಹಿಡಿಯುತ್ತದೆ ಎಂದು ನೋಡದೆ ಕೊಡದಲ್ಲಿ ಎಷ್ಟಿದೆಯೋ ಅಷ್ಟನ್ನೂ ಸುರಿದ ಹಾಗೆ. ಅದು ಸ್ಟ್ರ್‌ಕಾಪಿಗಿಂತ ಒಂದಿಷ್ಟೂ ಸುರಕ್ಷಿತವಲ್ಲ, ಜೊತೆಗೆ ಮುಕ್ತಾಯವನ್ನೂ ಹಾಕುವುದಿಲ್ಲ.

ನಾಲ್ಕನೆಯದು ಹೆಸರಿನಲ್ಲೇ ಬೇರೆ: ಸೈಜ್‌ಆಫ್ ಅನ್ನು ಪಾಯಿಂಟರ್‌ಗೆ ಬಳಸಿದ್ದೀರಿ ಎನ್ನುವ ಎಚ್ಚರಿಕೆ. ಫಂಕ್ಷನ್‌ಗೆ ಬಂದ ಗುರಿ ಪಾಯಿಂಟರ್ ಆಗಿದ್ದರೆ 64 ಬಿಟ್ ಯಂತ್ರದಲ್ಲಿ ಅದರ ಗಾತ್ರ 8. ಬಫರ್ ಎಷ್ಟೇ ದೊಡ್ಡದಿರಲಿ 8 ಬೈಟ್ ಮಾತ್ರ ನಕಲಾಗುತ್ತದೆ. ಆರ್ಗ್ಯುಮೆಂಟನ್ನು ಚೌಕಾವರಣ ಹಾಕಿ ಅರೇಯಂತೆ ಬರೆದಿದ್ದರೂ ಅದು ಪಾಯಿಂಟರೇ. ಇದಕ್ಕೆ ಮದ್ದು ಒಂದೇ: ಗಾತ್ರವನ್ನೂ ಇನ್ನೊಂದು ಆರ್ಗ್ಯುಮೆಂಟಾಗಿ ಕಳಿಸಿ.

ಇನ್ನೊಂದು ವಿಷಯ. ಈ ಎಚ್ಚರಿಕೆಗಳಲ್ಲಿ ಹಲವು ಆಪ್ಟಿಮೈಸೇಶನ್ ಇದ್ದಾಗಲೇ ಹೊರಬರುತ್ತವೆ. ಫಂಕ್ಷನ್‌ಗಳು ಒಂದರೊಳಗೊಂದು ಸೇರಿ, ಬೆಲೆಗಳು ಹರಿದು ಬಂದ ಮೇಲೆಯೇ ಕಂಪೈಲರ್‌ಗೆ ಗಾತ್ರಗಳು ಕಾಣುವುದು. ಆಪ್ಟಿಮೈಸೇಶನ್ ಇಲ್ಲದೆ ಕಂಪೈಲ್ ಮಾಡಿ ಎಚ್ಚರಿಕೆ ಬರಲಿಲ್ಲವೆಂದು ನೆಮ್ಮದಿ ಪಡಬೇಡಿ. ಎರಡನೆಯ ಹಂತದ ಆಪ್ಟಿಮೈಸೇಶನ್ ಹಾಕಿ ಎಲ್ಲ ಎಚ್ಚರಿಕೆಗಳ ಪಟ್ಟಿಯನ್ನು ಒಂದು ಕಡತಕ್ಕೆ ಇಳಿಸಿಕೊಳ್ಳಿ. ಅಲ್ಲಿಂದ ಕೆಲಸ ಶುರು.

ಎರಡನೆಯ ಹೆಜ್ಜೆ: ಆ ಜಾಗವನ್ನು ಓದುವವರು ಯಾರು?

ಪಟ್ಟಿಯ ಒಂದೊಂದು ಸಾಲಿಗೂ ಹೋಗಿ, ಬರೆಯುವ ಜಾಗವನ್ನು ಬಿಟ್ಟು ಓದುವ ಜಾಗವನ್ನು ಹುಡುಕಿ. ಗುರಿಯನ್ನು ಎಲ್ಲಾದರೂ ಮುಕ್ತಾಯದ ಸೊನ್ನೆಯನ್ನು ನೆಚ್ಚುವ ಸ್ಟ್ರ್‌ಲೆನ್, ಸ್ಟ್ರ್‌ಕಂಪ್, ಪ್ರಿಂಟ್‌ಎಫ್‌ಗಳಿಗೆ ನೇರವಾಗಿ ಕೊಡಲಾಗಿದೆಯೇ? ಹಾಗಿದ್ದರೆ ಅದು ಸ್ಟ್ರಿಂಗ್. ಆ ಜಾಗವನ್ನು ಒಳಗೊಂಡ ಸ್ಟ್ರಕ್ಟ್ (ಹಲವು ಫೀಲ್ಡ್‌ಗಳ ಕಟ್ಟು) ಇಡಿಯಾಗಿ ಡಿಸ್ಕ್‌ಗೆ, ತಂತಿಯ ಮೇಲೆ, ಸಾಧನದ ರಿಜಿಸ್ಟರ್‌ಗೆ ಹೋಗುತ್ತದೆಯೇ? ನಿಯಮಾವಳಿಯಲ್ಲಿ ಇಂತಿಷ್ಟು ಬೈಟ್ ಎಂದು ಬರೆದಿದೆಯೇ? ಹಾಗಿದ್ದರೆ ಅದು ಫೀಲ್ಡ್.

ಎರಡೂ ಹೌದು ಎಂದು ಬಂದರೆ, ಅಭಿನಂದನೆ ಹೇಳಿಕೊಳ್ಳಬಹುದು, ನಿಜವಾದ ದೋಷವೊಂದು ಸಿಕ್ಕಿದೆ. ನಾನು ನೋಡಿಕೊಳ್ಳುತ್ತಿದ್ದ ಒಂದು ಡ್ರೈವರ್‌ನಲ್ಲಿ ಸಾಧನದ ಹೆಸರಿನ ಫೀಲ್ಡ್ 16 ಬೈಟ್, ಅದರ ಪಕ್ಕದಲ್ಲೇ ಫರ್ಮ್‌ವೇರ್ ಆವೃತ್ತಿಯ ಫೀಲ್ಡ್. ವರ್ಷಗಳ ಕಾಲ ಎಲ್ಲ ಸಾಧನಗಳ ಹೆಸರೂ ಚಿಕ್ಕದಿತ್ತು. ಒಂದು ಹೊಸ ಸಾಧನದ ಹೆಸರು ಸರಿಯಾಗಿ 16 ಅಕ್ಷರ ಬಂತು, ಲಾಗ್‌ನಲ್ಲಿ ಹೆಸರಿನ ಬೆನ್ನಿಗೆ ಆವೃತ್ತಿ ಸಂಖ್ಯೆ ಅಂಟಿಕೊಂಡು ಅಚ್ಚಾಯಿತು. ಅದನ್ನು ನಾವು ಸಾಧನದ ತಪ್ಪೆಂದು ತಿಳಿದು ಎರಡು ದಿನ ತಂತಿಗಳನ್ನು ಪರೀಕ್ಷಿಸಿದೆವು. ಆ ಸಾಲಿಗೆ ಕಂಪೈಲರ್ ಎಚ್ಚರಿಕೆ ಕೊಟ್ಟಿತ್ತು, ಅದನ್ನು ಇಡೀ ಪ್ರಾಜೆಕ್ಟ್‌ಗೇ ಆಫ್ ಮಾಡಿಟ್ಟಿದ್ದೆವು. ಅಂದಿನಿಂದ ಈ ಎಚ್ಚರಿಕೆಯನ್ನು ನಾನು ಹಗುರವಾಗಿ ನೋಡಿಲ್ಲ.

ಗುರಿ ಸ್ಟ್ರಿಂಗ್ ಆಗಿದ್ದರೆ

ಆಗ ಮುಂದಿನ ಪ್ರಶ್ನೆ: ಮೂಲ ಹಿಡಿಸದಿದ್ದರೆ ಏನಾಗಬೇಕು? ಬಹುಪಾಲು ಕೋಡ್ ಈ ಪ್ರಶ್ನೆಯನ್ನು ಕೇಳಿಕೊಂಡೇ ಇಲ್ಲ. ಬಫರ್ ಉಕ್ಕದಿದ್ದರೆ ಸಾಕು ಎಂದು ತುಂಡು ಮಾಡಿ ಮುಂದೆ ಹೋಗುತ್ತದೆ. ಆದರೆ ತುಂಡಾದ ಕಡತದ ದಾರಿ ಎಂದರೆ ಬೇರೊಂದು ಕಡತ. ತುಂಡಾದ ಬಳಕೆದಾರನ ಹೆಸರು ಬೇರೊಬ್ಬನ ಹೆಸರಾಗಬಹುದು. ತುಂಡಾದ ಕೀಲಿ ಯಾವ ಬೀಗಕ್ಕೂ ಹೊಂದುವುದಿಲ್ಲ, ಅಥವಾ ಹೊಂದಬಾರದ ಬೀಗಕ್ಕೆ ಹೊಂದುತ್ತದೆ. ಇವುಗಳಲ್ಲಿ ಹಿಡಿಸದಿರುವುದು ದೋಷ, ಅದನ್ನು ಕರೆದವರಿಗೆ ತಿಳಿಸಬೇಕು. ಲಾಗ್‌ನ ಶೀರ್ಷಿಕೆ, ಪರದೆಯ ಮೇಲಿನ ಚಿಕ್ಕ ಪಟ್ಟಿಯಂಥವು ತುಂಡಾದರೆ ಪ್ರಮಾದವಿಲ್ಲ.

ದೋಷವೆಂದು ತಿಳಿಸಬೇಕಾದಲ್ಲಿ ನಾನು ಯಾವ ಗ್ರಂಥಾಲಯವನ್ನೂ ನೆಚ್ಚದೆ ಹೀಗೆ ಬರೆಯುತ್ತೇನೆ:

ಸೈಜ್_ಟಿ ಉದ್ದ = ಸ್ಟ್ರ್‌ಎನ್‌ಲೆನ್(ಮೂಲ, ಸೈಜ್‌ಆಫ್(ಹೆಸರು));
ಇಫ್ (ಉದ್ದ == ಸೈಜ್‌ಆಫ್(ಹೆಸರು))
    ರಿಟರ್ನ್ -1;
ಮೆಮ್‌ಕಾಪಿ(ಹೆಸರು, ಮೂಲ, ಉದ್ದ);
ಹೆಸರು[ಉದ್ದ] = '\0';

ಐದು ಸಾಲು ಹೆಚ್ಚೆನಿಸಬಹುದು. ಆದರೆ ಉದ್ದ ಎಷ್ಟು, ಹಿಡಿಸುತ್ತದೆಯೇ, ಹಿಡಿಸದಿದ್ದರೆ ಏನು, ಮುಕ್ತಾಯ ಎಲ್ಲಿ ಎಂಬ ನಾಲ್ಕೂ ಸಂಗತಿ ಓದುವವರ ಕಣ್ಣಿಗೆ ಬೀಳುತ್ತವೆ. ಸ್ಟ್ರ್‌ಎನ್‌ಲೆನ್ ಕೊಟ್ಟ ಮಿತಿಯಾಚೆ ನೋಡುವುದಿಲ್ಲವಾದ್ದರಿಂದ ಮೂಲ ಎಷ್ಟೇ ಉದ್ದವಿದ್ದರೂ ಹದಿನಾರು ಬೈಟ್‌ಗೆ ನಿಲ್ಲುತ್ತದೆ.

ತುಂಡಾದರೂ ನಡೆಯುತ್ತದೆ ಎನ್ನುವಲ್ಲಿ ಹಳೆಯ ಕೋಡನ್ನು ಕನಿಷ್ಠ ಬದಲಾವಣೆಯೊಂದಿಗೆ ಸರಿಪಡಿಸಲು ನಕಲಿನ ಕೆಳಗೆ ಒಂದು ಸಾಲು ಸೇರಿಸಿದರೆ ಸಾಕು:

ಸ್ಟ್ರ್‌ಎನ್‌ಕಾಪಿ(ಹೆಸರು, ಮೂಲ, ಸೈಜ್‌ಆಫ್(ಹೆಸರು));
ಹೆಸರು[ಸೈಜ್‌ಆಫ್(ಹೆಸರು) - 1] = '\0';

ಜಿಸಿಸಿ ನಕಲಿನ ನಂತರದ ಹೇಳಿಕೆಯನ್ನು ಗಮನಿಸುತ್ತದೆ. ಅಲ್ಲಿ ಕೊನೆಯ ಬೈಟ್‌ಗೆ ಸೊನ್ನೆ ಬರೆದಿರುವುದು ಕಂಡರೆ ಎಚ್ಚರಿಕೆ ಕೊಡುವುದಿಲ್ಲ. ಆದ್ದರಿಂದ ಈ ಎರಡು ಸಾಲುಗಳ ನಡುವೆ ಲಾಗ್ ಕರೆಯನ್ನೋ ಬೇರೆ ಲೆಕ್ಕವನ್ನೋ ತುರುಕಬೇಡಿ. ಕಂಪೈಲರ್‌ಗಾಗಿ ಮಾತ್ರವಲ್ಲ, ನಾಳೆ ಓದುವ ಮನುಷ್ಯರಿಗೂ ಜೋಡಿ ಜೋಡಿಯಾಗಿಯೇ ಕಾಣಲಿ.

ಹೊಸದಾಗಿ ಬರೆಯುವಾಗ ಸ್ಟ್ರ್‌ಎಲ್‌ಕಾಪಿಯನ್ನು ನೋಡಿ. 1998ರಲ್ಲಿ ಓಪನ್‌ಬಿಎಸ್‌ಡಿಯಲ್ಲಿ ಬಂದ ಇದು ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಬಳಸುವ ಸಿ ಗ್ರಂಥಾಲಯವಾದ ಜಿಲಿಬ್‌ಸಿಗೆ ಸೇರಿದ್ದು 2023ರ 2.38ನೆಯ ಆವೃತ್ತಿಯಲ್ಲಿ. ಯುನಿಕ್ಸ್ ಬಗೆಯ ವ್ಯವಸ್ಥೆಗಳ ಮಾನದಂಡವಾದ ಪಾಸಿಕ್ಸ್‌ನ 2024ರ ಆವೃತ್ತಿಯಲ್ಲೂ ಇದೆ. ಯಾವಾಗಲೂ ಮುಕ್ತಾಯ ಹಾಕುತ್ತದೆ, ಮೂಲದ ಪೂರ್ಣ ಉದ್ದವನ್ನು ಹಿಂದಿರುಗಿಸುತ್ತದೆ. ಆ ಬೆಲೆ ಗುರಿಯ ಗಾತ್ರಕ್ಕೆ ಸಮ ಅಥವಾ ಹೆಚ್ಚಿದ್ದರೆ ತುಂಡಾಗಿದೆ ಎಂದರ್ಥ. ಅದರ ಒಂದು ಕೊರತೆ ತಳಮಟ್ಟದ ಕೋಡ್‌ನಲ್ಲಿ ಮುಖ್ಯವಾಗುತ್ತದೆ: ಪೂರ್ಣ ಉದ್ದ ಹೇಳಬೇಕಾದ್ದರಿಂದ ಮೂಲವನ್ನು ಕೊನೆಯವರೆಗೂ ಓದಲೇಬೇಕು. ಮೂಲಕ್ಕೆ ಮುಕ್ತಾಯವೇ ಇಲ್ಲದಿದ್ದರೆ ಎಲ್ಲಿಯವರೆಗೆ ಓದೀತೋ ಹೇಳಲಾಗದು. ಸಾಧನದಿಂದಲೋ ನೆಟ್‌ವರ್ಕ್‌ನಿಂದಲೋ ಬಂದ ಬೈಟ್‌ಗಳ ಮೇಲೆ ಇದನ್ನು ಬಳಸಬೇಡಿ.

ಲಿನಕ್ಸ್ ಕರ್ನಲ್ ಈ ಕಾರಣಕ್ಕೇ 2015ರಲ್ಲಿ 4.3ನೆಯ ಆವೃತ್ತಿಯಲ್ಲಿ ಸ್ಟ್ರ್‌ಎಸ್‌ಕಾಪಿಯನ್ನು ತಂದಿತು, ಕಡೆಗೆ 2024ರ 6.8ರಲ್ಲಿ ಸ್ಟ್ರ್‌ಎಲ್‌ಕಾಪಿಯನ್ನು ತೆಗೆದೇ ಹಾಕಿತು. ಸ್ಟ್ರ್‌ಎಸ್‌ಕಾಪಿ ನಕಲಾದ ಅಕ್ಷರಗಳ ಸಂಖ್ಯೆಯನ್ನು ಹಿಂದಿರುಗಿಸುತ್ತದೆ, ಹಿಡಿಸದಿದ್ದರೆ ಋಣ ಸಂಖ್ಯೆಯ ದೋಷವನ್ನು. ಪರೀಕ್ಷೆ ಸೊನ್ನೆಗಿಂತ ಕಡಿಮೆಯೇ ಎಂದು ಕೇಳುವಷ್ಟು ಸರಳ. ನೀವು ಕರ್ನಲ್ ಕೋಡ್ ಬರೆಯುತ್ತಿದ್ದರೆ ಸ್ಟ್ರಿಂಗ್‌ಗೆ ಇದನ್ನೇ ಬಳಸಿ.

ಸಂಖ್ಯೆ, ಹೆಸರು ಸೇರಿಸಿ ಕಟ್ಟುವ ಸ್ಟ್ರಿಂಗ್‌ಗಳಿಗೆ ಎಸ್‌ಎನ್‌ಪ್ರಿಂಟ್‌ಎಫ್ ಇದೆ. ಅದಕ್ಕೂ ಫಾರ್ಮ್ಯಾಟ್-ಟ್ರಂಕೇಶನ್ ಎಂಬ ತನ್ನದೇ ಎಚ್ಚರಿಕೆ ಉಂಟು. 32 ಬಿಟ್‌ನ ಇಂಟ್ ಒಂದನ್ನು ಅಚ್ಚು ಮಾಡಲು ಋಣ ಚಿಹ್ನೆ ಸೇರಿ 11 ಅಕ್ಷರ ಬೇಕಾಗಬಹುದು, ಅದರ ಮೇಲೆ ಮುಕ್ತಾಯದ ಸೊನ್ನೆ. ನಿಮ್ಮ ಪೋರ್ಟ್ ಸಂಖ್ಯೆ ಎಂದೂ 99 ದಾಟುವುದಿಲ್ಲ ಎಂದು ನಿಮಗೆ ಗೊತ್ತು, ಕಂಪೈಲರ್‌ಗೆ ಗೊತ್ತಿಲ್ಲ. ಅದಕ್ಕೆ ತಿಳಿಸುವ ದಾರಿ ಎರಡು: ಚಿಕ್ಕ ಬಗೆಯ ಚರವನ್ನು ಬಳಸಿ, ಚಿಹ್ನೆಯಿಲ್ಲದ ಕ್ಯಾರ್ ಆದರೆ ಮೂರೇ ಅಂಕಿ. ಇಲ್ಲವೇ ಅಚ್ಚು ಮಾಡುವ ಮುಂಚೆ ಮಿತಿ ಮೀರಿದರೆ ಹಿಂತಿರುಗುವ ಪರೀಕ್ಷೆ ಹಾಕಿ. ಇನ್ನೂ ಒಳ್ಳೆಯದು ಹಿಂದಿರುಗಿದ ಬೆಲೆಯನ್ನು ನೋಡುವುದು. ಅದು ಋಣವಾಗಿದ್ದರೆ ಅಥವಾ ಗಾತ್ರಕ್ಕೆ ಸಮ ಇಲ್ಲವೇ ಹೆಚ್ಚಾಗಿದ್ದರೆ ದೋಷ. ಈ ಎಚ್ಚರಿಕೆಯ ಮೊದಲ ಹಂತ ಹಿಂದಿರುಗಿದ ಬೆಲೆಯನ್ನು ಬಳಸದ ಕರೆಗಳನ್ನಷ್ಟೇ ಹಿಡಿಯುತ್ತದೆ, ಆದ್ದರಿಂದ ಪರೀಕ್ಷೆ ಬರೆದ ಕೂಡಲೇ ಎಚ್ಚರಿಕೆಯೂ ಸುಮ್ಮನಾಗುತ್ತದೆ. ಗುರಿಯನ್ನೇ ಮೂಲವಾಗಿಯೂ ಕೊಟ್ಟು ಎಸ್‌ಎನ್‌ಪ್ರಿಂಟ್‌ಎಫ್‌ನಿಂದ ಸ್ಟ್ರಿಂಗ್ ಬೆಳೆಸುವ ಅಭ್ಯಾಸವಿದ್ದರೆ ಇಂದೇ ಬಿಡಿ. ಒಂದರ ಮೇಲೊಂದು ಬೀಳುವ ನಕಲಿಗೆ ಭಾಷೆ ಯಾವ ಭರವಸೆಯನ್ನೂ ಕೊಡುವುದಿಲ್ಲ.

ಸ್ಟ್ರ್‌ಎನ್‌ಕ್ಯಾಟ್ ಬಗ್ಗೆ ಎರಡೇ ಮಾತು: ಅದರ ಮಿತಿ ಗುರಿಯ ಗಾತ್ರವಲ್ಲ, ಉಳಿದಿರುವ ಜಾಗಕ್ಕಿಂತ ಒಂದು ಕಡಿಮೆ. ಮಿತಿಯಷ್ಟು ಬರೆದ ಮೇಲೆ ಅದು ಒಂದು ಸೊನ್ನೆಯನ್ನೂ ಸೇರಿಸುತ್ತದೆ.

ತುಂಡು ಮಾಡುವಾಗ ಅಕ್ಷರದ ನಡುವೆ ಕತ್ತರಿ ಬೀಳದಿರಲಿ

ಬೈಟ್ ಎಂದರೆ ಅಕ್ಷರವಲ್ಲ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತವೂ 3 ಬೈಟ್. "ಕನ್ನಡ" ಎಂಬ ಪದದಲ್ಲಿ ಕ, ನ, ಹಲಂತದ ಚಿಹ್ನೆ, ನ, ಡ ಎಂದು ಐದು ಸಂಕೇತಗಳಿವೆ, ಒಟ್ಟು 15 ಬೈಟ್. 16ರ ಬಫರ್‌ನಲ್ಲಿ ಅದು ಮುಕ್ತಾಯದ ಸೊನ್ನೆಯೊಂದಿಗೆ ಅಚ್ಚುಕಟ್ಟಾಗಿ ಕೂರುತ್ತದೆ. ಬಫರ್ 15 ಆದರೆ ಡಕಾರದ ಮೂರನೆಯ ಬೈಟ್ ಹೋಗಿ, ಎರಡು ಅರ್ಥವಿಲ್ಲದ ಬೈಟ್‌ಗಳು ಬಾಲದಲ್ಲಿ ಉಳಿಯುತ್ತವೆ. ಇಂಥದ್ದನ್ನು ಓದುವ ಮುಂದಿನ ಪ್ರೋಗ್ರಾಂ ಇಡೀ ಸ್ಟ್ರಿಂಗನ್ನೇ ತಿರಸ್ಕರಿಸಬಹುದು.

ಪರಿಹಾರ ಕಷ್ಟವಲ್ಲ. ಕತ್ತರಿಸುವ ಜಾಗದಲ್ಲಿರುವ, ಅಂದರೆ ಬಿಟ್ಟುಹೋಗುವ ಮೊದಲ ಬೈಟ್‌ನ ಬೆಲೆ 128ರಿಂದ 191ರ ನಡುವೆ ಇದ್ದರೆ ನೀವು ಸಂಕೇತವೊಂದರ ನಡುವೆ ಇದ್ದೀರಿ. ಹಾಗಿಲ್ಲದ ಬೈಟ್ ಸಿಗುವವರೆಗೆ ಒಂದೊಂದೇ ಹೆಜ್ಜೆ ಹಿಂದೆ ಬನ್ನಿ, ಅಲ್ಲಿ ಸೊನ್ನೆ ಹಾಕಿ. ಕ್ಯಾರ್ ಚಿಹ್ನೆಸಹಿತವಾಗಿರುವ ಯಂತ್ರಗಳಲ್ಲಿ ಹೋಲಿಸುವ ಮೊದಲು ಚಿಹ್ನೆಯಿಲ್ಲದ ಬಗೆಗೆ ಬದಲಿಸಿಕೊಳ್ಳಬೇಕು, ಇದನ್ನು ಮರೆತು ಕೆಟ್ಟ ಕೋಡ್ ಬಹಳ ನೋಡಿದ್ದೇನೆ. ಸಂಕೇತದ ಗಡಿಯಲ್ಲೇ ಕತ್ತರಿಸಿದರೂ ಒತ್ತಕ್ಷರ ಒಡೆಯಬಹುದು. ಮನುಷ್ಯರು ಓದುವ ಪಠ್ಯವನ್ನು ತಳಮಟ್ಟದಲ್ಲಿ ತುಂಡು ಮಾಡದೆ, ಹಿಡಿಸಲಿಲ್ಲ ಎಂದು ಹಿಂದಿರುಗಿಸುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಗುರಿ ಫೀಲ್ಡ್ ಆಗಿದ್ದರೆ

ಆಗ ಸ್ಟ್ರ್‌ಎನ್‌ಕಾಪಿ ಸರಿಯಾದ ಫಂಕ್ಷನ್. ಅದನ್ನು ಬದಲಿಸಬೇಡಿ. ಬದಲಿಗೆ ಘೋಷಣೆಯಲ್ಲೇ ಸತ್ಯವನ್ನು ಬರೆಯಿರಿ:

ಕ್ಯಾರ್ ಚೀಟಿ[16] __ಆಟ್ರಿಬ್ಯೂಟ್__((ನಾನ್‌ಸ್ಟ್ರಿಂಗ್));

ಜಿಸಿಸಿ 8ರಲ್ಲಿ ಬಂದ ಈ ಗುರುತು ನನಗೆ ಬಹಳ ಇಷ್ಟ, ಏಕೆಂದರೆ ಅದು ಎಚ್ಚರಿಕೆಯನ್ನು ಅಡಗಿಸದೆ ಸರಿಯಾದ ಕಡೆಗೆ ತಿರುಗಿಸುತ್ತದೆ. ಸ್ಟ್ರ್‌ಎನ್‌ಕಾಪಿಯ ಮೇಲಿನ ದೂರು ನಿಲ್ಲುತ್ತದೆ. ಅದರ ಬದಲು ಯಾರಾದರೂ ಆ ಚೀಟಿಯನ್ನು ಸ್ಟ್ರ್‌ಲೆನ್‌ಗೆ ಕೊಟ್ಟರೆ ಅಲ್ಲಿ ಎಚ್ಚರಿಕೆ ಬರುತ್ತದೆ. ನಮ್ಮ 16 ಅಕ್ಷರದ ಸಾಧನಕ್ಕೆ ಬೇಕಿದ್ದದ್ದು ಇದೇ ಎಚ್ಚರ. ಕರ್ನಲ್‌ನಲ್ಲಿ ಇದಕ್ಕೆ ಚಿಕ್ಕ ಮ್ಯಾಕ್ರೊ ಇದೆ, ನಕಲಿಗೆ ಸ್ಟ್ರ್‌ಟುಮೆಮ್_ಪ್ಯಾಡ್ ಇದೆ. ತುಂಬುವ ಬೈಟ್ ಯಾವುದೆಂದು ಕೊಡಬಹುದಾದ್ದರಿಂದ ಖಾಲಿ ಜಾಗದಿಂದ ತುಂಬುವ ಸ್ಕಸಿ ಥರದ ಫೀಲ್ಡ್‌ಗೂ ಅದು ಒದಗುತ್ತದೆ. ಕರ್ನಲ್‌ನ ಹೊರಗೆ ಅಂಥ ಫೀಲ್ಡ್‌ಗೆ ಮೊದಲು ಮೆಮ್‌ಸೆಟ್‌ನಿಂದ ಖಾಲಿ ಜಾಗ ತುಂಬಿ, ಆಮೇಲೆ ಅಳೆದ ಉದ್ದದಷ್ಟು ಮೆಮ್‌ಕಾಪಿ ಮಾಡಿ.

ಫೀಲ್ಡನ್ನು ಓದುವಾಗಲೂ ಅಗಲವನ್ನು ಜೊತೆಗಿಟ್ಟುಕೊಳ್ಳಿ: ಉದ್ದಕ್ಕೆ ಸ್ಟ್ರ್‌ಎನ್‌ಲೆನ್, ಹೋಲಿಕೆಗೆ ಸ್ಟ್ರ್‌ಎನ್‌ಕಂಪ್, ಅಚ್ಚಿಗೆ ಗರಿಷ್ಠ ಅಕ್ಷರಗಳ ಸಂಖ್ಯೆ ಹೇಳುವ ಫಾರ್ಮ್ಯಾಟ್. ಜಿಸಿಸಿ 15ರಲ್ಲಿ ಇನ್ನೊಂದು ಎಚ್ಚರಿಕೆ ಬಂದಿದೆ. ನಾಲ್ಕು ಬೈಟ್‌ನ ಅರೇಗೆ ಆರ್‌ಐಎಫ್‌ಎಫ್ ಎಂಬ ನಾಲ್ಕಕ್ಷರದ ಕಡತ ಗುರುತನ್ನು ಆರಂಭಿಕ ಬೆಲೆಯಾಗಿ ಕೊಟ್ಟರೆ, ಮುಕ್ತಾಯಕ್ಕೆ ಜಾಗವಿಲ್ಲ ಎಂದು ಹೇಳುತ್ತದೆ. ಸಿ ಭಾಷೆ ಅದನ್ನು ಮೊದಲಿನಿಂದಲೂ ಒಪ್ಪುತ್ತದೆ, ಅದು ದೋಷವಲ್ಲ. ಅಲ್ಲಿಯೂ ಇದೇ ಗುರುತು ಉತ್ತರ.

ಬದಲಿಸುವಾಗ ಕಳೆದುಹೋಗುವ ಸೊನ್ನೆಗಳು

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಎಚ್ಚರಿಕೆ ತೆಗೆಯುವ ಉತ್ಸಾಹದಲ್ಲಿ ಸೇರುವ ದೋಷಗಳಲ್ಲಿ ಅತ್ಯಂತ ಅಪಾಯಕಾರಿ ಇದು.

ಸ್ಟ್ರ್‌ಎನ್‌ಕಾಪಿ ಮಿಕ್ಕ ಜಾಗಕ್ಕೆಲ್ಲ ಸೊನ್ನೆ ಬರೆಯುತ್ತದೆ ಎಂದೆನಲ್ಲ. ಸ್ಟ್ರ್‌ಎಲ್‌ಕಾಪಿ ಹಾಗೆ ಮಾಡುವುದಿಲ್ಲ, ಎಸ್‌ಎನ್‌ಪ್ರಿಂಟ್‌ಎಫ್ ಕೂಡ ಮಾಡುವುದಿಲ್ಲ, ಸ್ಟ್ರ್‌ಎಸ್‌ಕಾಪಿಯೂ ಅಂಥ ಭರವಸೆ ಕೊಡುವುದಿಲ್ಲ. ಸ್ಟ್ಯಾಕ್‌ನಲ್ಲಿ ಹುಟ್ಟಿದ ಸ್ಟ್ರಕ್ಟ್ ಒಂದರಲ್ಲಿ 64 ಬೈಟ್‌ನ ಹೆಸರಿದೆ ಎಂದುಕೊಳ್ಳಿ. ಅದರಲ್ಲಿ ನಾಲ್ಕಕ್ಷರ ಬರೆದು ಇಡೀ ಸ್ಟ್ರಕ್ಟನ್ನು ಬಳಕೆದಾರನ ಪ್ರೋಗ್ರಾಂಗೋ, ಡಿಸ್ಕ್‌ಗೋ, ನೆಟ್‌ವರ್ಕ್‌ಗೋ ಕಳಿಸುತ್ತೀರಿ. ಮೊದಲು ಸ್ಟ್ರ್‌ಎನ್‌ಕಾಪಿ ಇದ್ದಾಗ ಉಳಿದ 60 ಬೈಟ್ ಸೊನ್ನೆ. ಈಗ ಮುಕ್ತಾಯದ ಒಂದು ಸೊನ್ನೆ ಬಿಟ್ಟರೆ 59 ಬೈಟ್‌ಗಳಲ್ಲಿ ಇರುವುದು ಆ ಸ್ಟ್ಯಾಕ್ ಜಾಗದಲ್ಲಿ ಹಿಂದೆ ಏನಿತ್ತೋ ಅದು. ಅದು ವಿಳಾಸವಾಗಿರಬಹುದು, ಗುಪ್ತಪದದ ತುಣುಕೂ ಆಗಿರಬಹುದು. ಕೋಡ್ ಎಲ್ಲ ಪರೀಕ್ಷೆಗಳಲ್ಲೂ ಪಾಸಾಗುತ್ತದೆ, ಹೆಸರು ಸರಿಯಾಗಿ ಕಾಣುತ್ತದೆ, ಗುಟ್ಟು ಮಾತ್ರ ಮೌನವಾಗಿ ಹೊರಗೆ ಸೋರುತ್ತಿರುತ್ತದೆ.

ಆದ್ದರಿಂದ ಒಂದೊಂದು ಬದಲಾವಣೆಗೂ ಮುನ್ನ ಕೇಳಿಕೊಳ್ಳಿ: ಈ ಜಾಗ ಇಡಿಯಾಗಿ ಎಲ್ಲಿಗಾದರೂ ಹೋಗುತ್ತದೆಯೇ? ಅಥವಾ ಇಡಿಯಾಗಿ ಹೋಲಿಕೆಯಾಗುತ್ತದೆಯೇ, ಅದರ ಮೇಲೆ ಚೆಕ್‌ಸಮ್ ಲೆಕ್ಕವಾಗುತ್ತದೆಯೇ? ಹೌದಾದರೆ ತುಂಬುವಿಕೆ ಬೇಕು. ಕರ್ನಲ್‌ನಲ್ಲಿ ಸ್ಟ್ರ್‌ಎಸ್‌ಕಾಪಿ_ಪ್ಯಾಡ್ ಬಳಸಿ. ಹೊರಗಡೆ ಸ್ಟ್ರಕ್ಟನ್ನು ಮೊದಲೇ ಮೆಮ್‌ಸೆಟ್‌ನಿಂದ ಪೂರ್ತಿ ಸೊನ್ನೆ ಮಾಡಿ. ಫೀಲ್ಡ್‌ಗಳ ನಡುವೆ ಕಂಪೈಲರ್ ಬಿಡುವ ತೆರವುಗಳೂ ಇದರಿಂದ ಶುದ್ಧವಾಗುತ್ತವೆ.

ಮಾಡಬಾರದ ಮೂರು ಬದಲಾವಣೆಗಳು

ಮೊದಲನೆಯದು, ಸ್ಟ್ರ್‌ಎನ್‌ಕಾಪಿಯನ್ನು ಅಳಿಸಿ ಅದೇ ಆರ್ಗ್ಯುಮೆಂಟ್‌ಗಳಿಗೆ ಮೆಮ್‌ಕಾಪಿ ಹೆಸರು ಹಾಕುವುದು. ಎಚ್ಚರಿಕೆ ಹೋಗುತ್ತದೆ. ಆದರೆ ಮೆಮ್‌ಕಾಪಿಗೆ ಸ್ಟ್ರಿಂಗ್‌ನ ಅರಿವಿಲ್ಲ, ಮೂಲ ನಾಲ್ಕೇ ಅಕ್ಷರವಿದ್ದರೂ 16 ಬೈಟ್ ಓದುತ್ತದೆ. ಮೂಲದ ಆಚೆಗಿರುವ ಮೆಮೊರಿ ಗುರಿಯೊಳಗೆ ಬಂದು ಕೂರುತ್ತದೆ. ಬರೆಯುವ ದೋಷವನ್ನು ಓದುವ ದೋಷಕ್ಕೆ ಬದಲಿಸಿಕೊಂಡಂತಾಯಿತು.

ಎರಡನೆಯದು, ಮಿತಿಯಿಂದ ಒಂದನ್ನು ಕಳೆದು ಸುಮ್ಮನಾಗುವುದು. ಗುರಿ ಮೊದಲೇ ಸೊನ್ನೆಯಾಗಿದ್ದರೆ ಇದು ಸರಿ. ಇಲ್ಲದಿದ್ದರೆ ಕೊನೆಯ ಬೈಟ್‌ನಲ್ಲಿ ಏನಿದೆಯೆಂದು ಯಾರಿಗೂ ಗೊತ್ತಿಲ್ಲ. ಇಂಥ ಸಾಲನ್ನು ವಿಮರ್ಶಿಸುವಾಗ ಗುರಿ ಹುಟ್ಟಿದ ಜಾಗದವರೆಗೂ ಹಿಂದಕ್ಕೆ ಹೋಗಿ ನೋಡಬೇಕಾಗುತ್ತದೆ, ಆ ಶ್ರಮವನ್ನು ಯಾರೂ ಎರಡನೆಯ ಸಲ ಪಡುವುದಿಲ್ಲ. ಮುಕ್ತಾಯದ ಸಾಲನ್ನು ಅಲ್ಲೇ ಬರೆಯಿರಿ.

ಮೂರನೆಯದು, ಗಾತ್ರವನ್ನು ಒಂದು ಚರದಲ್ಲಿ ಸುತ್ತಿ ಕಂಪೈಲರ್‌ನ ಕಣ್ಣಿಗೆ ಮಣ್ಣೆರಚುವುದು. ಇದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ಮೈಕ್ರೋಸಾಫ್ಟ್‌ನ ಕಂಪೈಲರ್ ಬಳಸುವವರಿಗೆ ಸಿ4996 ಎಂಬ ಎಚ್ಚರಿಕೆ ಸ್ಟ್ರ್‌ಕಾಪಿಯ ಮೇಲೂ ಸ್ಟ್ರ್‌ಎನ್‌ಕಾಪಿಯ ಮೇಲೂ ಬರುತ್ತದೆ, ಹೆಸರಿನ ಕೊನೆಗೆ _ಎಸ್ ಇರುವ ಫಂಕ್ಷನ್‌ಗಳನ್ನು ಸೂಚಿಸುತ್ತದೆ. ಅವು ಸಿ11ರ ಐಚ್ಛಿಕ ಭಾಗ, ಜಿಲಿಬ್‌ಸಿಯಲ್ಲಿ ಇಲ್ಲ. ಎರಡೂ ಕಡೆ ಓಡಬೇಕಾದ ಕೋಡ್‌ಗೆ ಮೇಲೆ ಕೊಟ್ಟ ಐದು ಸಾಲನ್ನೇ ಸಣ್ಣ ಫಂಕ್ಷನ್ ಮಾಡಿಟ್ಟುಕೊಳ್ಳುವುದು ಸುಲಭ.

ಎಚ್ಚರಿಕೆಯೇ ತಪ್ಪಾದಾಗ

ಅದೂ ಆಗುತ್ತದೆ. ಸ್ಟ್ರಕ್ಟನ್ನು ಮೊದಲೇ ಸೊನ್ನೆ ಮಾಡಿ, ಮಿತಿಯಲ್ಲಿ ಒಂದು ಕಡಿಮೆ ಕೊಟ್ಟಿದ್ದರೂ ದೂರದ ಆ ಮೆಮ್‌ಸೆಟ್ ಕಂಪೈಲರ್‌ನ ಲೆಕ್ಕಕ್ಕೆ ಬರದೇ ಹೋಗಬಹುದು. ಓಡುವಾಗ ಮೆಮೊರಿ ತಪ್ಪುಗಳಂಥವನ್ನು ಹಿಡಿಯುವ ಸ್ಯಾನಿಟೈಸರ್ ಹಾಕಿ ಕಂಪೈಲ್ ಮಾಡಿದಾಗ ಕೋಡ್‌ನ ಹರಿವು ಬದಲಾಗಿ ಇಲ್ಲದ ಎಚ್ಚರಿಕೆಗಳು ಹುಟ್ಟುವುದೂ ಉಂಟು. ಅಂಥ ಪಟ್ಟಿಯನ್ನು ಸ್ಯಾನಿಟೈಸರ್ ಇಲ್ಲದ ಪಟ್ಟಿಯೊಂದಿಗೆ ಹೋಲಿಸಿ ನೋಡಿ.

ನಿಜಕ್ಕೂ ಸುಳ್ಳು ಎಚ್ಚರಿಕೆಯೆಂದು ಖಚಿತವಾದರೆ ಆ ಒಂದು ಸಾಲಿನ ಸುತ್ತ ಮಾತ್ರ ಪ್ರಾಗ್ಮಾ (ಕಂಪೈಲರ್‌ಗೆ ಕೊಡುವ ಸೂಚನೆ) ಹಾಕಿ: ಸ್ಥಿತಿಯನ್ನು ಉಳಿಸಿ, ಆ ಎಚ್ಚರಿಕೆಯೊಂದನ್ನು ಆಫ್ ಮಾಡಿ, ಸಾಲು ಮುಗಿದ ಕೂಡಲೇ ಮರಳಿ ತನ್ನಿ. ಪಕ್ಕದಲ್ಲಿ ಕಾರಣವನ್ನು ಒಂದು ವಾಕ್ಯದಲ್ಲಿ ಬರೆಯಿರಿ. "ಕಂಪೈಲರ್ ಎಚ್ಚರಿಕೆಗಾಗಿ" ಎಂಬುದು ಕಾರಣವಲ್ಲ. "ಕರೆಯುವ ಫಂಕ್ಷನ್ ಈ ಸ್ಟ್ರಕ್ಟನ್ನು ಸೊನ್ನೆ ಮಾಡಿಯೇ ಕಳಿಸುತ್ತದೆ" ಎಂಬುದು ಕಾರಣ. ಎರಡನೆಯದು ಒಂದು ದಿನ ಸುಳ್ಳಾದರೆ ಓದುವವರಿಗೆ ಗೊತ್ತಾಗುತ್ತದೆ.

ಪರೀಕ್ಷಿಸುವ ಕ್ರಮ

ಸರಿಪಡಿಸಿದ ಒಂದೊಂದು ಜಾಗಕ್ಕೂ ನಾಲ್ಕು ಉದ್ದದ ಮೂಲಗಳನ್ನು ಕೊಡಿ: ಖಾಲಿ ಸ್ಟ್ರಿಂಗ್, ಗುರಿಯ ಗಾತ್ರಕ್ಕಿಂತ ಒಂದು ಕಡಿಮೆ, ಸರಿಯಾಗಿ ಸಮ, ಒಂದು ಹೆಚ್ಚು. ಈ ಬಗೆಯ ದೋಷಗಳೆಲ್ಲ ಕೊನೆಯ ಮೂರರಲ್ಲೇ ವಾಸಿಸುತ್ತವೆ. ನಕಲಿಗೆ ಮುನ್ನ ಗುರಿಯ ಎಲ್ಲ ಬೈಟ್‌ಗಳಿಗೂ 170 ಎಂಬ ಬೆಲೆ ತುಂಬಿಡಿ. ಹೊಸ ಮೆಮೊರಿ ಆಕಸ್ಮಿಕವಾಗಿ ಸೊನ್ನೆಯಾಗಿದ್ದರೆ ಮುಕ್ತಾಯ ಹಾಕದ ಕೋಡ್ ಕೂಡ ಸರಿಯಾಗಿ ನಡೆದಂತೆ ಕಾಣುತ್ತದೆ, 170 ಆ ಮುಸುಕನ್ನು ತೆಗೆಯುತ್ತದೆ. ನಕಲಾದ ಮೇಲೆ ಬಾಲದಲ್ಲಿ ಎಷ್ಟು 170 ಉಳಿದಿವೆ ಎಂದು ಎಣಿಸಿದರೆ ತುಂಬುವಿಕೆ ಆಗಿದೆಯೇ ಎಂಬುದೂ ತಿಳಿಯುತ್ತದೆ.

ಅಡ್ರೆಸ್ ಸ್ಯಾನಿಟೈಸರ್ ಹಾಕಿ ಓಡಿಸಿ, ಆದರೆ ಅದರ ಮಿತಿ ತಿಳಿದಿರಲಿ. ಒಂದೇ ಸ್ಟ್ರಕ್ಟ್‌ನೊಳಗೆ ಒಂದು ಫೀಲ್ಡ್‌ನಿಂದ ಪಕ್ಕದ ಫೀಲ್ಡ್‌ಗೆ ಓದು ದಾಟಿದರೆ ಅದು ಹಿಡಿಯುವುದಿಲ್ಲ. ಹೆಸರಿಗೆ ಆವೃತ್ತಿ ಅಂಟಿಕೊಂಡ ನಮ್ಮ ದೋಷ ಅದಕ್ಕೆ ಕಾಣುತ್ತಲೇ ಇರಲಿಲ್ಲ. ಅಲ್ಲಿ 170ರ ಉಪಾಯವೂ ಪಕ್ಕದ ಫೀಲ್ಡ್‌ಗೆ ಗೊತ್ತಿರುವ ಬೆಲೆ ಹಾಕಿಡುವುದೂ ಕೆಲಸಕ್ಕೆ ಬರುತ್ತವೆ.

ಬದಲಾವಣೆಗಳನ್ನು ಒಂದೇ ದೊಡ್ಡ ಕಮಿಟ್‌ನಲ್ಲಿ ಸೇರಿಸಬೇಡಿ. ಫೀಲ್ಡ್ ಎಂದು ಗುರುತು ಹಾಕಿದವು ಒಂದು ಕಡೆ, ಮುಕ್ತಾಯ ಸೇರಿಸಿದವು ಇನ್ನೊಂದು ಕಡೆ, ಹಿಡಿಸದಿದ್ದರೆ ದೋಷ ಹಿಂದಿರುಗಿಸುವಂತೆ ಬದಲಿಸಿದವು ಒಂದೊಂದೂ ಬೇರೆ ಬೇರೆ. ಕೊನೆಯವು ಪ್ರೋಗ್ರಾಂನ ನಡತೆಯನ್ನೇ ಬದಲಿಸುತ್ತವೆ. ನಾಳೆ ತೊಂದರೆ ಬಂದರೆ ಅವುಗಳನ್ನಷ್ಟೇ ಹಿಂದಕ್ಕೆ ಪಡೆಯುವಂತಿರಬೇಕು. ಪಟ್ಟಿ ಖಾಲಿಯಾದ ದಿನ, ಸ್ಟ್ರಿಂಗ್‌ಆಪ್-ಟ್ರಂಕೇಶನ್ ಎಚ್ಚರಿಕೆಯೊಂದನ್ನು ದೋಷದ ದರ್ಜೆಗೆ ಏರಿಸುವ ಆಯ್ಕೆಯನ್ನು ಮೇಕ್‌ಫೈಲ್‌ಗೆ ಸೇರಿಸಿ ಕಮಿಟ್ ಮಾಡಿ. ಹೊಸದೊಂದು ನಕಲು ಬರೆದವರು ಅಲ್ಲಿಂದ ಮುಂದೆ ಆ ಪ್ರಶ್ನೆಗೆ ಬರೆಯುವ ದಿನವೇ ಉತ್ತರಿಸಬೇಕಾಗುತ್ತದೆ.